ಫ್ಯಾನ್ ಸ್ಲೋ ಆದರೆ ಕೆಪಾಸಿಟರ್ ನೀವೇ ಹಾಕಿಕೊಳ್ಳಬಹುದೇ? ಆ ಮೆಸೇಜಿನಲ್ಲಿ ಅರ್ಧ ಮಾತ್ರ ನಿಜ

ಬೇಸಿಗೆ ಶುರುವಾದರೆ ವಾಟ್ಸಾಪ್ ಗ್ರೂಪುಗಳಲ್ಲಿ ಈ ಬಗೆಯ ಮೆಸೇಜು, ವಿಡಿಯೋ ಓಡಾಡತೊಡಗುತ್ತವೆ: ‘ಫ್ಯಾನ್ ಸ್ಲೋ ಆದರೆ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಡಬೇಡಿ. ಕೆಪಾಸಿಟರ್ ತಂದು ನೀವೇ ಹಾಕಿ. ಐದು ನಿಮಿಷದ ಕೆಲಸ.’ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಇದನ್ನು ಓದಿದವರಿಗೆ ಒಂದು ಕೈ ನೋಡೋಣ ಅನ್ನಿಸಿದರೆ ಆಶ್ಚರ್ಯವಿಲ್ಲ. ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳಲ್ಲೇ ಫ್ಯಾನ್ ಕೈಕೊಡುತ್ತದೆ. ಅದೇ ದಿನಗಳಲ್ಲಿ ಎಲೆಕ್ಟ್ರಿಷಿಯನ್‌ಗೂ ಪುರುಸೊತ್ತು ಇರುವುದಿಲ್ಲ.

ಮೊದಲು ನಿಜವಾದ ಅರ್ಧ. ಸಾಮಾನ್ಯ ಸೀಲಿಂಗ್ ಫ್ಯಾನಿನ ಮೋಟಾರಿನಲ್ಲಿ ಎರಡು ಸುತ್ತು ತಂತಿ ಇರುತ್ತದೆ. ಒಂದಕ್ಕೆ ಕರೆಂಟ್ ನೇರವಾಗಿ ಹೋಗುತ್ತದೆ, ಇನ್ನೊಂದಕ್ಕೆ ಕೆಪಾಸಿಟರ್ ಮೂಲಕ ಹೋಗುತ್ತದೆ. ಎರಡರಲ್ಲೂ ಕರೆಂಟ್ ಒಂದೇ ಗಳಿಗೆಗೆ ಏರಿಳಿಯದಂತೆ ನೋಡಿಕೊಳ್ಳುವುದು ಕೆಪಾಸಿಟರ್ ಕೆಲಸ. ಆ ವ್ಯತ್ಯಾಸದಿಂದಲೇ ಫ್ಯಾನ್ ಒಂದು ದಿಕ್ಕಿಗೆ ತಿರುಗುತ್ತದೆ. ವರ್ಷಗಟ್ಟಲೆ ಬಿಸಿ ಮತ್ತು ವೋಲ್ಟೇಜ್ ಏರಿಳಿತ ತಿಂದು ಕೆಪಾಸಿಟರ್ ಸವೆಯುತ್ತದೆ. ಆಗ ಐದನೇ ನಂಬರಿಗೆ ಇಟ್ಟರೂ ಫ್ಯಾನ್ ತೆವಳುತ್ತದೆ, ಕೊನೆಗೆ ಕೋಲಿನಿಂದ ತಳ್ಳಿದರಷ್ಟೇ ಶುರುವಾಗುತ್ತದೆ. ಈ ಭಾಗದ ಬೆಲೆಯೂ ಹೆಚ್ಚಲ್ಲ. ‘ಮೋಟಾರೇ ಹೋಗಿದೆ, ಹೊಸ ಫ್ಯಾನ್ ತನ್ನಿ’ ಎಂದು ಯಾರಾದರೂ ಹೇಳಿದರೆ, ಮೊದಲು ಕೆಪಾಸಿಟರ್ ಬದಲಿಸಿ ನೋಡಿ ಎಂದು ಕೇಳುವುದು ಸರಿಯಾದ ಮಾತು.

ಅದಕ್ಕೂ ಮುಂಚೆ ನೆಲದ ಮೇಲೆ ನಿಂತೇ ಒಂದು ವಿಷಯ ನೋಡಿಕೊಳ್ಳಿ. ಮನೆಯ ಎಲ್ಲಾ ಫ್ಯಾನ್‌ಗಳೂ ಸಂಜೆ ಹೊತ್ತು ನಿಧಾನವಾಗಿ, ರಾತ್ರಿ ಹನ್ನೆರಡರ ಮೇಲೆ ಜೋರಾಗಿ ತಿರುಗಿದರೆ ಅದು ಕಡಿಮೆ ವೋಲ್ಟೇಜ್. ದೂರು ಹೋಗಬೇಕಾದ್ದು ಜೆಸ್ಕಾಂಗೆ. ಒಂದೇ ಫ್ಯಾನ್ ನಿಧಾನವಾಗಿದ್ದರೆ ಕೆಪಾಸಿಟರ್ ಅಥವಾ ರೆಗ್ಯುಲೇಟರ್. ಇಷ್ಟು ತಿಳಿದಿದ್ದರೆ ಫೋನಿನಲ್ಲೇ ಸರಿಯಾಗಿ ಹೇಳಬಹುದು, ಬರುವವರು ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾರೆ.

ಮೆಸೇಜು ಹೇಳದೆ ಬಿಟ್ಟದ್ದು ಸ್ವಿಚ್ಚಿನ ವಿಷಯ. ‘ಸ್ವಿಚ್ ಆಫ್ ಮಾಡಿ, ಮೇಲೆ ಹತ್ತಿ’ ಅನ್ನುತ್ತಾರಲ್ಲ, ಆ ಸ್ವಿಚ್ ಫೇಸ್ ತಂತಿಯನ್ನೇ ಕಡಿಯುತ್ತಿದೆ ಎಂದು ನಿಮಗೆ ಹೇಗೆ ಗೊತ್ತು? ಮನೆ ಕಟ್ಟಿದಾಗ ಒಬ್ಬರು ವೈರಿಂಗ್ ಮಾಡಿ, ಆಮೇಲೆ ರೂಮು ಸೇರಿಸಿದಾಗ ಇನ್ನೊಬ್ಬರು ಎಳೆದ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲ್ ತಂತಿಗೆ ಬಿದ್ದಿರುವುದುಂಟು. ಹಾಗಿದ್ದರೆ ಸ್ವಿಚ್ ಆಫ್ ಮಾಡಿದಾಗ ಫ್ಯಾನ್ ನಿಲ್ಲುತ್ತದೆ, ಆದರೆ ಮೇಲಿನ ಮುಚ್ಚಳದೊಳಗಿನ ತಂತಿಯಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಆದ್ದರಿಂದ ಕೆಲಸ ಬಲ್ಲವರು ಮೇನ್ ಅಥವಾ ಆ ಲೈನಿನ ಎಂಸಿಬಿ ಇಳಿಸಿ, ಮೇಲೆ ಹತ್ತಿದ ಮೇಲೂ ತಂತಿಗೆ ಟೆಸ್ಟರ್ ಹಚ್ಚಿ ನೋಡುತ್ತಾರೆ. ನೀವು ಕರೆದವರು ಇದನ್ನು ಮಾಡದೆ ನೇರ ಸ್ಟೂಲ್ ಹತ್ತಿದರೆ ಮೇನ್ ಆಫ್ ಮಾಡಿಸಿ. ಅವರ ಅನುಭವ ಎಷ್ಟೇ ವರ್ಷದ್ದಿರಲಿ, ಹೀಗೆ ಹೇಳಲು ಸಂಕೋಚ ಬೇಡ.

‘ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ತಾನೇ ಬೀಳುತ್ತೆ’ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. 6 ಆಂಪಿಯರಿನ ಎಂಸಿಬಿ ಬೀಳಬೇಕಾದರೆ 6 ಆಂಪಿಯರಿಗಿಂತ ಹೆಚ್ಚು ಕರೆಂಟ್ ಹರಿಯಬೇಕು. ಮೈಯಲ್ಲಿ ಅದರ ನೂರರಲ್ಲೊಂದು ಪಾಲು ಹರಿದರೂ ಜೀವಕ್ಕೆ ಅಪಾಯವಾಗಬಹುದು. ಜನರ ರಕ್ಷಣೆಗೆ ಇರುವುದು ಆರ್‌ಸಿಸಿಬಿ. ಮನೆಗಳಿಗೆ ಹಾಕುವ ಇದು 30 ಮಿಲಿಆಂಪಿಯರ್ ಸೋರಿದರೆ ಲೈನ್ ಕಡಿಯುತ್ತದೆ. ಅದರ ಮೇಲೆ ‘ಟಿ’ ಎಂಬ ಅಕ್ಷರದ ಸಣ್ಣ ಬಟನ್ ಇರುತ್ತದೆ, ಆಗಾಗ ಒತ್ತಿ ನೋಡಬೇಕು. ನಿಮ್ಮ ಬೋರ್ಡಿನಲ್ಲಿ ಅಂಥ ಬಟನ್ ಇರುವ ಯಾವುದೂ ಇಲ್ಲದಿದ್ದರೆ, ಫ್ಯಾನಿಗೆ ಬಂದ ಎಲೆಕ್ಟ್ರಿಷಿಯನ್ ಹತ್ತಿರ ಅದರ ಬಗ್ಗೆಯೂ ಕೇಳಿ.

ಇನ್ನು ಕೆಪಾಸಿಟರ್ ಆಯ್ಕೆ. ಹಳೆಯದರ ಮೇಲೆ 2.5 ಮೈಕ್ರೋಫ್ಯಾರಡ್ ಎಂದೋ 3.15 ಎಂದೋ ಬರೆದಿರುತ್ತದೆ. ಹೊಸದೂ ಅಷ್ಟೇ ಇರಬೇಕು. ‘ದೊಡ್ಡದು ಹಾಕಿದರೆ ಗಾಳಿ ಜಾಸ್ತಿ’ ಎಂಬ ಸಲಹೆ ಕೇಳಿದರೆ ಸುತ್ತು ತಂತಿ ಬಿಸಿಯಾಗಿ ಮೋಟಾರ್ ಬೇಗ ಸುಡುತ್ತದೆ. ತಂತಿ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ವೇಗ ಇದೆ, ಗಾಳಿ ಇಲ್ಲ ಅನ್ನಿಸಿದರೆ ಅದನ್ನೇ ಮೊದಲು ಅನುಮಾನಿಸಬೇಕು.

ಕಾನೂನು ಇಲ್ಲಿ ಜನ ಅಂದುಕೊಂಡಷ್ಟು ಬಿಗಿಯಿಲ್ಲ. ವಿದ್ಯುತ್ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರೇ ಮಾಡಬೇಕು ಎಂದ 1956ರ ವಿದ್ಯುತ್ ನಿಯಮಗಳ 45ನೇ ನಿಯಮವೇ, ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವುದಕ್ಕೆ ವಿನಾಯಿತಿ ಕೊಟ್ಟಿತ್ತು. ಹೊಸ ಪಾಯಿಂಟ್ ಎಳೆಯುವುದು, ವೈರಿಂಗ್ ಬದಲಿಸುವುದು ಆ ವಿನಾಯಿತಿಯಲ್ಲಿ ಬರುವುದಿಲ್ಲ. ಅಂದರೆ ಇದ್ದ ಫ್ಯಾನ್ ಇಳಿಸಿ ಇನ್ನೊಂದು ಏರಿಸುವವರಿಗೆ ಪರ್ಮಿಟ್ ಕೇಳುವ ಅಗತ್ಯ ಕಡಿಮೆ. ಹೊಸ ರೂಮಿಗೆ ಲೈನ್ ಎಳೆಯುವವರಿಗೆ ಖಂಡಿತ ಕೇಳಬೇಕು.

ಕರೆಂಟಿನಷ್ಟೇ ಗಮನ ಬೇಕಾದ್ದು ತೂಗುಹಾಕುವ ಜಾಗಕ್ಕೆ. ಆರ್‌ಸಿಸಿ ಮನೆಯಲ್ಲಿ ಸ್ಲ್ಯಾಬ್ ಹಾಕುವಾಗಲೇ ಕಬ್ಬಿಣಕ್ಕೆ ಕಟ್ಟಿದ ಹುಕ್ ಇರುತ್ತದೆ. ನಮ್ಮ ಕಡೆ ಹಳೆಯ ಮಾಳಿಗೆ ಮನೆಗಳೂ, ತಗಡಿನ ಮನೆಗಳೂ ಬೇಕಾದಷ್ಟಿವೆ. ಮಾಳಿಗೆಯಲ್ಲಿ ಫ್ಯಾನಿನ ಭಾರ ಬೀಳಬೇಕಾದ್ದು ತೊಲೆಯ ಮೇಲೆ, ತೆಳ್ಳಗಿನ ಜಂತಿಯ ಮೇಲಲ್ಲ. ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡಬೇಕು. ತಗಡಿನ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಹಾದ ಕಬ್ಬಿಣದ ಪೈಪಿಗೇ ಕ್ಲಾಂಪ್ ಹಾಕಬೇಕು, ಮತ್ತು ಅಂಥ ಪೈಪಿಗೆ ಅರ್ಥಿಂಗ್ ಇರಲೇಬೇಕು. ನೆಲದಿಂದ ರೆಕ್ಕೆಗೆ ಕನಿಷ್ಠ 2.3 ಮೀಟರ್, ಅಂದರೆ ಏಳೂವರೆ ಅಡಿ ಸಿಗದಿದ್ದರೆ ಗೋಡೆ ಫ್ಯಾನೇ ವಾಸಿ. ಕೆಲಸ ಮುಗಿದ ಮೇಲೆ ಕೆಳಗಿಳಿಯುವ ಮುಂಚೆ, ಹುಕ್ಕಿನ ಬೋಲ್ಟಿಗೆ ನಟ್ ಜೊತೆ ಸ್ಪ್ಲಿಟ್ ಪಿನ್ ಹಾಕಿದ್ದಾರೆಯೇ ಎಂದು ಕೇಳಿ. ಫ್ಯಾನ್ ಅಲ್ಲಾಡುತ್ತಾ ಅಲ್ಲಾಡುತ್ತಾ ನಟ್ ಸಡಿಲವಾಗುತ್ತದೆ. ಅದು ಉದುರದಂತೆ ತಡೆಯುವುದು ಆ ಪುಟ್ಟ ಪಿನ್.

ಸಂಡೂರು ಕಡೆಯಿಂದ ಅದಿರಿನ ಲಾರಿ ಓಡಾಡುವ ರಸ್ತೆ ಪಕ್ಕದ ಮನೆಯವರಿಗೆ ಕೆಂಪು ಧೂಳಿನ ಬಗ್ಗೆ ಹೇಳಬೇಕಿಲ್ಲ. ರೆಕ್ಕೆ ಒರೆಸುವುದು ನಿಮ್ಮದೇ ಕೆಲಸ. ಒಂದು ಕೈ ರೆಕ್ಕೆಯ ಕೆಳಗಿಟ್ಟು ಒರೆಸಿ. ರೆಕ್ಕೆ ಬಾಗಿದರೆ ಅಲ್ಲಿಂದಲೇ ನಡುಕ ಶುರು. ಸದ್ದು ಬಂತೆಂದು ಮೇಲಿನಿಂದ ಎಣ್ಣೆ ಬಿಡುವ ಹಳೇ ಮದ್ದು ಮಾತ್ರ ಬಿಡಿ. ಈಗಿನ ಬೇರಿಂಗ್‌ಗಳೊಳಗೆ ಗ್ರೀಸ್ ತುಂಬಿ ಮುಚ್ಚಿರುತ್ತಾರೆ. ಎಣ್ಣೆ ಅಲ್ಲಿಗೆ ತಲುಪದೆ ಸುತ್ತು ತಂತಿಗೆ ಇಳಿದು ಧೂಳು ಹಿಡಿಸುತ್ತದೆ. ಗರಗರ ಸದ್ದಿಗೆ ಔಷಧ ಬೇರಿಂಗ್ ಬದಲಿಸುವುದು, ಅದು ಅಂಗಡಿಯ ಕೆಲಸ.

ಮೋಟಾರ್ ನಿಜವಾಗಿಯೂ ಸುಟ್ಟಿದ್ದರೆ ರಿವೈಂಡಿಂಗ್ ಮಾಡಿಸಬೇಕೋ ಹೊಸದು ತರಬೇಕೋ? 75 ವ್ಯಾಟಿನ ಹಳೆಯ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 11. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿರುವ ಮನೆಗೆ ಈ ಉಳಿತಾಯ ರೂಪಾಯಿಯಾಗಿ ಕಾಣುವುದಿಲ್ಲ. ಬೇಸಿಗೆಯಲ್ಲಿ ಮಿತಿ ದಾಟಿ ಕಟ್ಟುತ್ತಿರುವ ಮನೆಗೆ ಚೆನ್ನಾಗಿ ಕಾಣುತ್ತದೆ. ಬಿಎಲ್‌ಡಿಸಿ ಹಾಕಿಸುವುದಾದರೆ ಹಳೆಯ ರೆಗ್ಯುಲೇಟರ್ ತೆಗೆಸಿ ನೇರ ಲೈನ್ ಕೊಡಿಸಿ, ಇಲ್ಲದಿದ್ದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಕೆಡುತ್ತದೆ. ಬೋರ್ಡ್ ಕೆಟ್ಟರೆ ಬೀದಿಯ ಮೆಕ್ಯಾನಿಕ್ ಕೈಯಲ್ಲಿ ಆಗುವುದು ಕಡಿಮೆ, ಆದ್ದರಿಂದ ಆ ಕಂಪನಿಯ ಸರ್ವಿಸ್ ಹೊಸಪೇಟೆಯಲ್ಲಿದೆಯೇ ಎಂದು ಕೊಳ್ಳುವ ಮುಂಚೆ ವಿಚಾರಿಸಿ. ರಿವೈಂಡಿಂಗ್ ಮಾಡಿಸುವುದಾದರೆ ತಾಮ್ರದ ತಂತಿ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ತೆಗೆದ ಹಳೇ ತಂತಿಗೆ ಗುಜರಿ ಬೆಲೆ ಇದೆ ಎಂಬುದನ್ನು ಕೂಲಿ ಮಾತಾಡುವಾಗಲೇ ಹೇಳಿ.