ಗವಿಯ ಗುಮ್ಮ ಮತ್ತು ನಮ್ಮ ಶಾಲೆಯ ಕಣ್ಕಪ್ಪಡಿ

ಶಾಲೆಗೆ ಮೊಬೈಲ್ ತರಬಾರದೆಂಬ ನಿಯಮ ನಮ್ಮಲ್ಲೂ ಇದೆ. ಆದರೂ ಮೊನ್ನೆ ಏಳನೇ ತರಗತಿಯ ಹುಡುಗನೊಬ್ಬ ಅಪ್ಪನ ಮೊಬೈಲನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಬೇವಿನ ಮರದ ಕೆಳಗೆ ನಾಲ್ಕೈದು ತಲೆಗಳು ಒಂದಾಗಿದ್ದವು. ನಾವು ಹಿಂದಿನಿಂದ ಹೋಗಿ ಇಣುಕಿದೆವು. ತೆರೆಯ ಮೇಲೆ ಚೌಕ ಚೌಕ ಕಲ್ಲುಗಳ ಒಂದು ಗವಿ. ಬೈಯುವುದಕ್ಕಿಂತ ಮೊದಲು ಇದೇನೆಂದು ಕೇಳೋಣ ಅನ್ನಿಸಿತು.

"ಮೈನ್‌ಕ್ರಾಫ್ಟ್ ರೀ ಸರ್. ಗವಿಯಾಗ ಕತ್ತಲಿದ್ದಲ್ಲಿ ದೆವ್ವ ಹುಟ್ತಾವ್ರಿ. ಪಂಜು ಹಚ್ಚಿಟ್ರ ಅಲ್ಲಿ ಹುಟ್ಟಂಗಿಲ್ರಿ. ಹಗಲಾಗ ಹೊರಗ ಬಂದ್ರ ಕೆಲವು ಬಿಸಿಲಿಗೆ ಸುಟ್ಟೇ ಹೋಗ್ತಾವ್ರಿ."

ಅಷ್ಟರಲ್ಲಿ ತೆರೆಯ ಮೇಲೆ ಏನೋ ಪಟಪಟನೆ ಹಾರಿತು. ಹುಡುಗ ಅದನ್ನೂ ಹೊಡೆದ. ಅದು ಕಣ್ಕಪ್ಪಡಿ. ಗ್ರಂಥಿಕ ಕನ್ನಡದ ಬಾವಲಿ, ನಮ್ಮ ಅಕ್ಕಪಕ್ಕದ ತೆಲುಗಿನವರ ಗಬ್ಬಿಲಂ.

"ಇದೂ ದೆವ್ವ ಏನೋ?"

"ಇಲ್ರೀ ಸರ್. ಇದು ಏನೂ ಮಾಡಂಗಿಲ್ರಿ. ಕೊಂದ್ರ ಏನೂ ಸಿಗಂಗೂ ಇಲ್ರಿ."

"ಮತ್ಯಾಕ ಹೊಡದಿ?"

"ಸುಮ್ನ ರೀ ಸರ್."

ಆ 'ಸುಮ್ನ' ಎಂಬ ಮಾತು ನಮ್ಮನ್ನು ಬಿಡಲೇ ಇಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇವೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಹುಡುಕಿ ಓದಿದೆವು. ಈ ಬೆಳಕಿಗೆ ಹೆದರುವ ಗವಿಯ ಶತ್ರುವಿನ ಕಥೆ ಬಹಳ ಹಳೆಯದು. 1970ರ ದಶಕದ ಮಧ್ಯದಲ್ಲಿ ಅಮೆರಿಕದ ವಿಲ್ ಕ್ರೌಥರ್ ಎಂಬ ಕಂಪ್ಯೂಟರ್ ತಜ್ಞ ಒಂದು ಆಟ ಬರೆದ. ಆತ ಸ್ವತಃ ಗವಿಗಳನ್ನು ಹೊಕ್ಕು ನಕ್ಷೆ ಬರೆಯುವ ಹವ್ಯಾಸದವನು. ಕೆಂಟಕಿಯ ಮ್ಯಾಮತ್ ಗವಿಯನ್ನೇ ಆಟಕ್ಕೆ ಮಾದರಿ ಮಾಡಿಕೊಂಡ. ಅದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಓದಬೇಕು, ಉತ್ತರ ಟೈಪ್ ಮಾಡಬೇಕು. ದೀಪವಿಲ್ಲದೆ ಕತ್ತಲಲ್ಲಿ ನಡೆದರೆ ಆಟಗಾರ ಗುಂಡಿಗೆ ಬಿದ್ದು ಸಾಯುತ್ತಿದ್ದ.

ಇದನ್ನು ನೋಡಿ ಎಂಐಟಿಯ ಕೆಲವರು 1977ರಲ್ಲಿ 'ಜೋರ್ಕ್' ಎಂಬ ಆಟ ಬರೆಯತೊಡಗಿದರು. ಅವರ ಆಟದಲ್ಲಿ ಮನೆಯ ಅಟ್ಟವೂ ಇತ್ತು. ಅಟ್ಟದ ಮೇಲೆ ಆಳವಾದ ಗುಂಡಿ ಎಲ್ಲಿಂದ ಬರಬೇಕು? ಅದಕ್ಕಾಗಿ ಗುಂಡಿಯನ್ನು ತೆಗೆದು ಒಂದು ಪ್ರಾಣಿಯನ್ನು ತಂದಿಟ್ಟರು. ಅದರ ಹೆಸರು 'ಗ್ರೂ'. ಕತ್ತಲಲ್ಲಿ ಹೊಂಚು ಹಾಕುತ್ತದೆ, ಬೆಳಕಿಲ್ಲದೆ ಬಂದವನನ್ನು ತಿನ್ನುತ್ತದೆ, ಬೆಳಕು ಕಂಡರೆ ಹತ್ತಿರ ಬರುವುದಿಲ್ಲ. ಆದರೆ ಆ ಗ್ರೂವನ್ನು ಕಣ್ಣಾರೆ ಕಂಡ ಆಟಗಾರ ಒಬ್ಬನೂ ಇಲ್ಲ! ಇದೆಯೆಂದು ಹೇಳುತ್ತಾರೆ, ಅಷ್ಟೇ.

ನಮ್ಮ ಹೆಣ್ಣುಮಕ್ಕಳು ಹಟ ಮಾಡುವ ಕೂಸಿಗೆ "ಗುಮ್ಮ ಬಂತು ನೋಡು" ಅನ್ನುತ್ತಾರಲ್ಲ, ಅದೇ ಇದು. ಗುಮ್ಮನನ್ನೂ ಯಾರೂ ಕಂಡಿಲ್ಲ. ಕೂಸು ಹೊರಗೆ ಹೋಗದಿರಲೆಂದು ಗುಮ್ಮ, ಆಟಗಾರ ದೀಪ ಮರೆಯದಿರಲೆಂದು ಗ್ರೂ. ಇಷ್ಟರ ಮಟ್ಟಿಗೆ ನಮ್ಮದೇನೂ ತಕರಾರಿಲ್ಲ. ಆಟ ಆಡಿದ ಮಕ್ಕಳೆಲ್ಲ ಕೆಟ್ಟರು ಎಂದು ಬರೆಯಲು ನಾವು ಕೂತಿಲ್ಲ. ಆ ಮೈನ್‌ಕ್ರಾಫ್ಟ್ ಮಾಡಿದವರೂ 2012ರಲ್ಲಿ ತಮ್ಮ ಗವಿಯೊಳಗೆ ಬಾವಲಿಯನ್ನು ಬಿಟ್ಟಾಗ ಅದನ್ನು ನಿರುಪದ್ರವಿಯಾಗಿಯೇ ಮಾಡಿದ್ದಾರೆ. ಆ ವಿಷಯದಲ್ಲಿ ಅವರು ನಮಗಿಂತ ವಾಸಿ.

ನಮ್ಮ ತಕರಾರು ಬೇರೆ. ಕತ್ತಲಲ್ಲಿ ಇರುವುದೆಲ್ಲ ಶತ್ರು, ಬೆಳಕು ಅದನ್ನು ಹೊಡೆಯುವ ಆಯುಧ ಎಂಬ ಲೆಕ್ಕವನ್ನು ಮೊಬೈಲಿನಿಂದ ಹೊರಗೆ ತಂದವರು ಮಕ್ಕಳಲ್ಲ, ನಾವು ದೊಡ್ಡವರು. ಅದನ್ನು ಒಪ್ಪಿಕೊಳ್ಳಲೆಂದೇ ಈ ಬರಹ.

2021ರ ಸೆಪ್ಟೆಂಬರಿನಲ್ಲಿ, ಕೊರೋನಾದಿಂದ ಮುಚ್ಚಿದ್ದ ಶಾಲೆಗಳು ತೆರೆದಾಗಿನ ಮಾತು. ನಾವು ಆಗ ಇದ್ದ ಶಾಲೆಯಲ್ಲಿ ಒಂದು ಹಳೆಯ ಕೋಣೆ ಇತ್ತು. ಜಂತಿಯ ಮೇಲೆ ಕಲ್ಲು ಹಾಸಿದ ಮಾಳಿಗೆ. ಬೀಗ ತೆಗೆದರೆ ಒಳಗೆ ಗವ್ವೆನ್ನುವ ಕತ್ತಲು, ಮೂಗಿಗೆ ಬಡಿಯುವ ವಾಸನೆ, ಜಂತಿಯ ಸಂದಿಯಲ್ಲಿ ಚಿಂವ್‌ಚಿಂವ್ ಸದ್ದು. ಊರಿನವರು ಒಬ್ಬೊಬ್ಬರೂ ಒಂದೊಂದು ಹೇಳಿದರು. ಕಣ್ಕಪ್ಪಡಿ ಸೇರಿದ ಮನೆ ಹಾಳಾಗುತ್ತದೆ ಎಂದರು. ಈ ರೋಗ ಬಂದದ್ದೇ ಇದರಿಂದ ಎಂದರು. ನಾವು ವಿಜ್ಞಾನದ ಪಾಠ ಮಾಡುವವರು. ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. "ಬೇಗ ಸ್ವಚ್ಛ ಮಾಡಿಸಿ" ಎಂದಷ್ಟೇ ಹೇಳಿದೆವು.

ದೊಡ್ಡ ಹುಡುಗರು ಒಳಗೆ ಹೊಕ್ಕರು. ಕೈಯಲ್ಲಿ ಮೊಬೈಲಿನ ಬೆಳಕು, ಇನ್ನೊಂದು ಕೈಯಲ್ಲಿ ಕಸಬರಿಗೆ. ಬೆಳಕು ಬಿದ್ದದ್ದೇ ತಡ, ಅವು ದಿಕ್ಕುಗೆಟ್ಟು ಗೋಡೆಯಿಂದ ಗೋಡೆಗೆ ಹಾರಾಡಿದವು. ಹತ್ತು ನಿಮಿಷದ ಕೆಲಸ. ಹೊರಗೆ ತಂದು ಸುರಿದಾಗ ನೋಡಿದೆವು. ಹೆಬ್ಬೆರಳಿನಷ್ಟು ದೇಹ, ಬೀಡಿ ಎಲೆಯಂಥ ರೆಕ್ಕೆ. ಒಂದರ ಎದೆಗೆ ಮರಿ ಕಚ್ಚಿಕೊಂಡಿತ್ತು, ಇನ್ನೂ ಉಸಿರಾಡುತ್ತಿತ್ತು. ಒಬ್ಬ ಹುಡುಗಿ "ಇವು ಏನ್ ಮಾಡಿದ್ವು ಸರ್?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಇದ್ದರೆ ಅದು ಮೊನ್ನೆ ಆ ಹುಡುಗ ಹೇಳಿದ್ದೇ. ಸುಮ್ನೆ.

ಅವು ಏನು ಮಾಡುತ್ತವೆ ಎಂಬುದನ್ನು ತಡವಾಗಿಯಾದರೂ ಹೇಳೋಣ. ನಮ್ಮ ಮನೆ, ಗುಡಿ, ಗವಿಗಳ ಸಂದಿಯಲ್ಲಿರುವ ಸಣ್ಣ ಬಾವಲಿಗಳು ಹುಳ ತಿನ್ನುವಂಥವು. ಒಂದೇ ರಾತ್ರಿಯಲ್ಲಿ ತಮ್ಮ ತೂಕದ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಸೊಳ್ಳೆ, ಪತಂಗ, ದುಂಬಿಗಳನ್ನು ತಿನ್ನುತ್ತವೆ. ಗದ್ವಾಲದ ನಡಿಗಡ್ಡೆಯಲ್ಲಿ, ಅಂದರೆ ಕೃಷ್ಣೆ ತುಂಗಭದ್ರೆಯರ ನಡುವಿನ ಸೀಮೆಯಲ್ಲಿ, ಬೀಜದ ಹತ್ತಿ ಬೆಳೆಯುವವರನ್ನು ಕೇಳಿ ನೋಡಿ. ಕಾಯಿ ಕೊರೆಯುವ ಗುಲಾಬಿ ಹುಳ ಬೆಳೆದು ಪತಂಗವಾಗಿ ಹಾರುವುದು ರಾತ್ರಿಯೇ. ರಾತ್ರಿಯ ಪತಂಗಗಳನ್ನು ಹಿಡಿಯಲು ಕೂಲಿ ಕೇಳದೆ ಬರುವ ಆಳು ಇದು. ದೊಡ್ಡ ಬಾವಲಿಗಳು ಹಣ್ಣು ತಿನ್ನುತ್ತವೆ. ಆಲ, ಬೇವು, ಇಪ್ಪೆಯ ಬೀಜಗಳನ್ನು ಊರಿಂದೂರಿಗೆ ಒಯ್ದು ಹಾಕುತ್ತವೆ.

ಬಾವಲಿಗೆ ಕಣ್ಣು ಕಾಣುವುದಿಲ್ಲ ಎಂಬುದೂ ತಪ್ಪು. ಕಣ್ಣಿದೆ, ಕಾಣುತ್ತದೆ. ಹುಳ ಹಿಡಿಯುವವು ಕತ್ತಲಲ್ಲಿ ಕಿವಿಯನ್ನು ನೆಚ್ಚಿಕೊಂಡಿವೆ, ಅಷ್ಟೇ. ಇಟಲಿಯ ಸ್ಪಲ್ಲಂಜಾನಿ 1790ರ ದಶಕದಲ್ಲೇ ಕಣ್ಣಿಲ್ಲದ ಬಾವಲಿಯೂ ಯಾವುದಕ್ಕೂ ತಾಗದೆ ಹಾರುವುದನ್ನು ಕಂಡಿದ್ದ. ಅವು ನಮಗೆ ಕೇಳಿಸದಷ್ಟು ಕೀರಲಾದ ದನಿ ಹೊರಡಿಸುತ್ತವೆ, ಅದರ ಮಾರ್ದನಿಯಿಂದ ದಾರಿ ತಿಳಿಯುತ್ತವೆ ಎಂಬುದರ ಜಾಡು ಸಿಕ್ಕಿದ್ದು 1938ರಲ್ಲಿ, ಅಮೆರಿಕದ ಡೊನಾಲ್ಡ್ ಗ್ರಿಫಿನ್ ಅವರ ಪ್ರಯೋಗದಿಂದ.

ಬೆಳಕಿನ ವಿಷಯದಲ್ಲಿ ಮಾತ್ರ ಆಟಕ್ಕೂ ನಿಜಕ್ಕೂ ಒಂದು ಹೋಲಿಕೆ ಇದೆ. ಎಷ್ಟೋ ಜಾತಿಯ ಗವಿ ಬಾವಲಿಗಳಿಗೆ ಬೆಳಕು ಆಗಿಬರುವುದಿಲ್ಲ. ಅವಿರುವ ಸಂದಿಯ ಬಾಯಿಗೆ ದೊಡ್ಡ ದೀಪ ಹಾಕಿದರೆ ಅವು ಹೊರಬೀಳಲು ತಡ ಮಾಡುತ್ತವೆ. ಮುಸ್ಸಂಜೆಯಲ್ಲಿ ಹುಳಗಳು ಹೆಚ್ಚು ಹಾರುವ ಹೊತ್ತು ಅಷ್ಟರಲ್ಲಿ ಮುಗಿದಿರುತ್ತದೆ. ಅಂದರೆ ಹೊಟ್ಟೆಗಿಲ್ಲ. ಆಟದಲ್ಲಿ ಬೆಳಕು ನಮ್ಮನ್ನು ಕಾಯುತ್ತದೆ, ನಿಜದಲ್ಲಿ ನಮ್ಮ ಬೆಳಕಿನಿಂದ ಅವನ್ನು ಕಾಯಬೇಕಾಗಿದೆ. ವರ್ಷಕ್ಕೆ ಬಹುತೇಕ ಒಂದೇ ಮರಿ ಹಾಕುವ ಪ್ರಾಣಿ ಅದು. ಇಲಿಯಂತೆ ಮರುವರ್ಷ ಸಂಖ್ಯೆ ತುಂಬಿಕೊಳ್ಳುವುದಿಲ್ಲ.

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಕಲ್ಲುಗವಿಯಲ್ಲಿ ಒಂದು ಬಾವಲಿ ಇದೆ. 1994ರಲ್ಲಿ ವಿಜ್ಞಾನಿಗಳು ಅದು ಬೇರೆಯೇ ಜಾತಿ ಎಂದು ಗುರುತಿಸಿದರು, ಅದನ್ನು ಕೋಲಾರದ ಹೆಸರಿನಿಂದಲೇ ಕರೆಯುತ್ತಾರೆ. ಅದರ ಒಟ್ಟು ಸಂಖ್ಯೆ ಇನ್ನೂರರ ಒಳಗೆ ಎಂದು ಅಂದಾಜು. ಆ ಕಲ್ಲನ್ನೇ ಒಡೆದು ಸಾಗಿಸುವವರು ಬಂದರು. 2016ರಲ್ಲಿ ಅದು ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿ ಸೇರಿತು. ಆ ಗವಿ ಹೋದರೆ ಆ ಜಾತಿಯೇ ಹೋದಂತೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಬಾರಾಪೇಡೆ ಗವಿ ಇದೆ. ಅಲ್ಲಿನ ಬಾವಲಿ 1913ರಿಂದ ವಿಜ್ಞಾನಕ್ಕೆ ಗೊತ್ತು. ಬಹುಕಾಲ ಅದು ಜಗತ್ತಿನಲ್ಲಿ ಅಲ್ಲಿ ಮಾತ್ರ ಇದೆಯೆಂದೇ ತಿಳಿದಿದ್ದರು. ಇಂಥವು ನಮ್ಮ ಕನ್ನಡ ನೆಲದಲ್ಲಿವೆ ಎಂದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಕಾನೂನಿನ ಕಥೆಯೂ ಹೀಗೇ ಇತ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬಾರಾಪೇಡೆಯ ಬಾವಲಿಗೆ ಮೊದಲ ಪಟ್ಟಿಯ ರಕ್ಷಣೆ ಇತ್ತು. ಹಣ್ಣು ತಿನ್ನುವ ಬಾವಲಿಗಳನ್ನು ಮಾತ್ರ ಕಾಗೆ, ಇಲಿಗಳ ಜತೆ ಉಪದ್ರವಿಗಳ ಪಟ್ಟಿಗೆ ಹಾಕಿದ್ದರು. ಯಾರು ಬೇಕಾದರೂ ಹೊಡೆಯಬಹುದಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಪುಸ್ತಕದಲ್ಲಿ ಶತ್ರುತ್ವ ಮುಗಿಯಿತು. ನಮ್ಮ ಊರುಗಳಲ್ಲಿ ಮುಗಿದಿಲ್ಲ.

ವಿಚಿತ್ರವೆಂದರೆ ಗವಿ ನಮ್ಮ ಹಿರಿಯರಿಗೆ ಶತ್ರುವಿನ ಮನೆಯಾಗಿರಲಿಲ್ಲ. ಅಲ್ಲಮಪ್ರಭುಗಳ ಅಂಕಿತವೇ ಗುಹೇಶ್ವರ. ನೆಲದೊಳಗೆ ಹುದುಗಿದ್ದ ಗುಡಿಯ ಕತ್ತಲಿಗೆ ಇಳಿದಾಗಲೇ ಅವರಿಗೆ ಗುರು ಅನಿಮಿಷಯ್ಯ ಸಿಕ್ಕಿದ್ದು ಎಂದು ಪುರಾಣ ಹೇಳುತ್ತದೆ. ನಮ್ಮ ಮಕ್ತಲ್ ಕಡೆಯಿಂದ ಪಂಚದೇವ ಪಹಾಡಿಗೆ ಹೋಗಿ, ದೋಣಿಯಲ್ಲಿ ಕೃಷ್ಣೆ ದಾಟಿ ಕುರವಪುರಕ್ಕೆ ಹೋದವರು ಟೆಂಬೆ ಸ್ವಾಮಿಗಳ ಗವಿಗೆ ಕೈಮುಗಿದೇ ಬರುತ್ತಾರೆ. ಕತ್ತಲೆಯನ್ನು ಕಂಡ ಕೂಡಲೇ ಕೋಲು ಹುಡುಕುವ ಬುದ್ಧಿ ನಮ್ಮ ಪರಂಪರೆಯದಲ್ಲ.

ಗಡಿಯವರಾದ ನಮಗೆ ಇನ್ನೊಂದು ಭಾಷೆಯ ಪುಣ್ಯವೂ ಇದೆ. ತೆಲುಗಿನ ಗುರ್ರಂ ಜಾಷುವಾ ಅವರು 1941ರಲ್ಲಿ 'ಗಬ್ಬಿಲಂ' ಕಾವ್ಯ ಬರೆದರು. ಅಸ್ಪೃಶ್ಯನೊಬ್ಬ ತನ್ನ ದುಃಖವನ್ನು ಶಿವನಿಗೆ ಮುಟ್ಟಿಸಲು ಬಾವಲಿಯನ್ನು ದೂತನಾಗಿ ಕಳಿಸುತ್ತಾನೆ. ಯಾಕೆ ಬಾವಲಿ? ಅವನಿಗೆ ಗುಡಿಯೊಳಗೆ ಪ್ರವೇಶವಿಲ್ಲ, ಬಾವಲಿಗೆ ಇದೆ. ಊರೆಲ್ಲ ಅಪಶಕುನ ಎಂದ ಪ್ರಾಣಿಯನ್ನು ಆ ಕವಿ ದೇವರ ಕಿವಿಯ ಹತ್ತಿರ ಕೂರಿಸಿದ್ದಾರೆ.

ಹಕ್ಕಿಗಳಿಗೂ ಮೃಗಗಳಿಗೂ ಯುದ್ಧವಾದಾಗ ಬಾವಲಿಯನ್ನು ಎರಡೂ ಕಡೆಯವರು ನಮ್ಮವನಲ್ಲ ಎಂದ ಕಥೆ ನೀವೂ ಕೇಳಿದ್ದೀರಿ. ಆ ಕಥೆ ಹೇಳುವಾಗ ನಮಗೆ ನಮ್ಮದೇ ನೆನಪಾಗುತ್ತದೆ. ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. 1956ರಲ್ಲಿ ಬೇರೆ ರಾಜ್ಯಕ್ಕೆ ಸೇರಿದವು. ಇವತ್ತು ನಾರಾಯಣಪೇಟೆ ಸೀಮೆಯ ಕನ್ನಡದ ಹುಡುಗ ಹೈದರಾಬಾದಿಗೆ ಹೋದರೆ ಕನ್ನಡದವನು, ರಾಯಚೂರಿಗೆ ಹೋದರೆ ತೆಲುಗು ಸೀಮೆಯವನು. ಎರಡೂ ಕಡೆ ಸಲ್ಲದ ನೋವು ಗೊತ್ತಿರುವ ನಾವೇ ಇನ್ನೊಂದು ಜೀವವನ್ನು ಅದೇ ಕಾರಣಕ್ಕೆ ಬಡಿಯುವುದೇ?

ಹಾಗೆಂದು ಬಾವಲಿಯನ್ನು ಮುದ್ದಾಡಿ ಎಂದು ನಾವು ಹೇಳುತ್ತಿಲ್ಲ. ಬರಿಗೈಯಿಂದ ಮುಟ್ಟಬಾರದು. ಅದು ಕಚ್ಚಿದ ಹಣ್ಣು ತಿನ್ನಬಾರದು. 2018ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನಿಫಾ ವೈರಸ್ಸಿನ ಮೂಲ ಹಣ್ಣಿನ ಬಾವಲಿಗಳೇ. ಆದರೆ ಅವುಗಳ ಮೇಲೆ ಕೋಲೆತ್ತಿದರೆ ರೋಗ ಹತ್ತಿರ ಬರುತ್ತದೆಯೇ ಹೊರತು ದೂರ ಹೋಗುವುದಿಲ್ಲ. ನಾವಿದ್ದಲ್ಲಿ ನಾವು, ಅವಿದ್ದಲ್ಲಿ ಅವು. ಇಷ್ಟೇ.

ಶಿಕ್ಷಕ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟು. ಹಳೆಯ ಕೋಣೆ ಸ್ವಚ್ಛ ಮಾಡಬೇಕಾದರೆ ಹೊಗೆ ಹಾಕಬೇಡಿ, ಮಕ್ಕಳ ಕೈಗೆ ಕಸಬರಿಗೆ ಕೊಡಬೇಡಿ. ಮರಿಗಳಿದ್ದರೆ ಅವು ಹಾರುವವರೆಗೆ ಕಾಯಿರಿ. ಆಮೇಲೆ ಕತ್ತಲಾಗಿ ಅವೆಲ್ಲ ಹೊರಗೆ ಹೋದ ಮೇಲೆ ಸಂದಿ ಮುಚ್ಚಿಸಿರಿ. ಊರ ಗುಡಿಯ ಗೋಪುರಕ್ಕೆ ರಾತ್ರಿಯಿಡೀ ದೊಡ್ಡ ದೀಪ ಬಿಡಬೇಕೆಂದು ಸಭೆಯಲ್ಲಿ ಮಾತು ಬಂದರೆ ಈ ಬಾರಿ ನೀವಾದರೂ ಬಾಯಿ ತೆರೆಯಿರಿ.

ಮೊನ್ನೆ ಆ ಹುಡುಗನ ಮೊಬೈಲನ್ನು ಅವನ ಅಪ್ಪನಿಗೆ ಕೊಟ್ಟೆವು. ಸಂಜೆ ಆರೂವರೆಗೆ ಹುಡುಗನನ್ನೂ ಅವನ ಗೆಳೆಯರನ್ನೂ ಊರ ಹೊರಗಿನ ಹಾಳು ಬಾವಿಯ ಹತ್ತಿರ ಕರೆದುಕೊಂಡು ಹೋದೆವು. ಬ್ಯಾಟರಿ ಹಚ್ಚಬೇಡಿ, ಸುಮ್ಮನೆ ಕೂಡ್ರಿ ಎಂದೆವು. ಬೆಳಕು ಕಂದುತ್ತಿದ್ದಂತೆ ಬಾವಿಯ ಕಲ್ಲಿನ ಸಂದಿಯಿಂದ ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು ಹೊರಟವು. ಒಂದೂ ನಮಗೆ ತಾಗಲಿಲ್ಲ. ನಲವತ್ತೈದರವರೆಗೆ ಎಣಿಸಿ ಹುಡುಗರು ಲೆಕ್ಕ ತಪ್ಪಿದರು.

ಮರಳಿ ಬರುವಾಗ ಆ ಹುಡುಗ, "ನಾಳೆನೂ ಬರೂಣೇನ್ರಿ ಸರ್?" ಎಂದ.

"ಯಾಕೋ?" ಎಂದೆವು.

"ಸುಮ್ನ ರೀ ಸರ್, ನೋಡಾಕ."