ಬೀಗ ತೆರೆದವನ ಉಪಕಾರ

ಮನೆಯಿಂದ ಹೊರಡುವಾಗ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡದೆ ನಾವು ಮೆಟ್ಟಿಲು ಇಳಿಯುವುದಿಲ್ಲ. ಜಗ್ಗಿದರೆ ತಿಳಿಯುವುದು ಬೀಗ ಬಿದ್ದಿದೆ ಎಂದಷ್ಟೇ, ಅದರ ಗಟ್ಟಿತನವಲ್ಲ.

ಲಂಡನ್ನಿನ ಬ್ರಾಮಾ ಕಂಪೆನಿಯವರು ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವಿಟ್ಟು, ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ ಸಾರಿದ್ದರು. ದಶಕಗಳು ಕಳೆದರೂ ಯಾರಿಗೂ ಸಾಧ್ಯವಾಗಲಿಲ್ಲ. 1851ರಲ್ಲಿ ಅಲ್ಲಿನ ಮಹಾ ವಸ್ತುಪ್ರದರ್ಶನಕ್ಕೆ ಅಮೆರಿಕದ ಬೀಗ ತಜ್ಞ ಆಲ್ಫ್ರೆಡ್ ಹಾಬ್ಸ್ ಬಂದ. ಮೊದಲು ಚಬ್ ಕಂಪೆನಿಯ ಬೀಗವನ್ನು ಅರ್ಧ ಗಂಟೆಯೊಳಗೆ ತೆರೆದ. ಅದೇನು ಸಾಮಾನ್ಯ ಬೀಗವೇ? ಕಳ್ಳ ಕೈ ಹಾಕಿದರೆ ಒಳಗೇ ಸಿಕ್ಕಿಕೊಂಡು, ಯಜಮಾನ ಬಂದು ಕೀಲಿ ತಿರುಗಿಸಿದಾಗ ಚಾಡಿ ಹೇಳುವ ಬೀಗ! ಬಳಿಕ ಬ್ರಾಮಾ ಬೀಗದ ಮುಂದೆ ಕುಳಿತ. 16 ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಅದನ್ನೂ ತೆರೆದ. ಆ ತಾಳ್ಮೆಯನ್ನು ನೋಡಿ!

ಇದರಿಂದ ಕಳ್ಳರಿಗೆ ಪಾಠ ಹೇಳಿದಂತಾಯಿತು ಎಂದು ಹಲವರು ಸಿಟ್ಟಾದರು. ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತು ಎಂಬುದು ಹಾಬ್ಸ್‌ನ ವಾದ. ನನಗೂ ಅದೇ ಸರಿ ಅನಿಸುತ್ತದೆ. ಗೊತ್ತಿಲ್ಲದಿರುವುದು ಮನೆಯವರಿಗೆ. ಆ ಕಂಪೆನಿಗಳು ತಮ್ಮ ಬೀಗಗಳನ್ನು ತಿದ್ದಿದ್ದೂ ಅದರ ನಂತರವೇ.

ಬೀಗ ತೆರೆಯುವುದನ್ನು ಹವ್ಯಾಸ ಮಾಡಿಕೊಂಡವರ ಸಂಘವೊಂದು ಜರ್ಮನಿಯಲ್ಲಿ 1997ರಲ್ಲಿ ಹುಟ್ಟಿತು. ಇಂಥ ಹವ್ಯಾಸಿಗಳ ನಿಯಮ ಕಟ್ಟುನಿಟ್ಟು: ಪರರ ಬೀಗವನ್ನು ಅನುಮತಿಯಿಲ್ಲದೆ ಮುಟ್ಟಬಾರದು, ಬಳಕೆಯಲ್ಲಿರುವ ಬೀಗದ ಮೇಲೆ ಕೈಚಳಕ ತೋರಬಾರದು.

ನಾವು ಹಿಂದೆ ಇದ್ದ ಮನೆಯ ಬೀಗ ನೆರೆಮನೆಯ ಕೀಲಿಗೂ ತೆರೆಯುತ್ತಿತ್ತು. ಅದನ್ನು ಕಂಡುಹಿಡಿದವರೂ, ನಗುತ್ತಾ ನಮಗೆ ತಿಳಿಸಿದವರೂ ಆ ಮನೆಯ ತಾಯಿಯೇ. ಅಂದು ಸಂಜೆಯೇ ಹೊಸ ಬೀಗ ತಂದೆವು.