ಗಂಧ ಆರದ ಜಾಗ

ಬೇಲೂರಿಗೆ ಹೋದವರಾರೂ ಕಪ್ಪೆ ಚೆನ್ನಿಗರಾಯನ ಕಥೆಯನ್ನು ಕೇಳದೆ ಹಿಂದಿರುಗುವುದಿಲ್ಲ. ಜಕಣಾಚಾರಿಯು ವಿಗ್ರಹವನ್ನು ಮುಗಿಸಿ ನಿಂತಿದ್ದಾಗ, ಎಲ್ಲಿಂದಲೋ ಬಂದ ಹುಡುಗನೊಬ್ಬ ಶಿಲೆಯಲ್ಲಿ ದೋಷವಿದೆ ಎಂದನಂತೆ. ಪರೀಕ್ಷೆಗೆಂದು ವಿಗ್ರಹದ ಮೈಗೆಲ್ಲ ಗಂಧವನ್ನು ಬಳಿದರು. ಎಲ್ಲೆಡೆಯೂ ಗಂಧ ಆರಿತು. ನಾಭಿಯ ಸುತ್ತ ಮಾತ್ರ ಹಸಿಯಾಗಿಯೇ ಉಳಿಯಿತು. ಉಳಿಯಿಟ್ಟು ತಟ್ಟಿದರೆ ಒಳಗೆ ನೀರು, ನೀರಿನಲ್ಲೊಂದು ಕಪ್ಪೆ! ಈ ಕಥೆಗೆ ಶಾಸನದ ಆಧಾರವಿಲ್ಲವೆಂದು ಇತಿಹಾಸಜ್ಞರು ಹೇಳುತ್ತಾರೆ. ಇರಲಿ. ಅದರೊಳಗಿನ ವಿವೇಕಕ್ಕೆ ಶಾಸನದ ಹಂಗೇಕೆ? ಸಂಶಯಪಟ್ಟವನು ಹುಡುಗ, ಜಾಗವನ್ನು ತೋರಿಸಿದ್ದು ಗಂಧ, ಸತ್ಯವನ್ನು ಹೊರಗೆಡಹಿದ್ದು ಉಳಿ. ಮೂರೂ ಬೇರೆ ಬೇರೆ ಕೆಲಸಗಳು ಎಂಬುದನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಈ ಕಥೆ ನೆನಪಿಗೆ ಬರಲು ಕಾರಣ ಇಂದಿನ ಒಂದು ಹೊಸ ರೂಢಿ. ಸೇವಾಸಂಸ್ಥೆಗಳು ತಮ್ಮ ಕಾರ್ಯಕ್ರಮದ ‘ಫಲಿತಾಂಶದ ಚೌಕಟ್ಟ’ನ್ನು ಕೃತಕ ಬುದ್ಧಿಮತ್ತೆಯ ಯಂತ್ರದ ಮುಂದಿಟ್ಟು, ‘ಇದರಲ್ಲಿ ದೋಷವೇನಿದೆ, ಹೇಳು’ ಎಂದು ಕೇಳತೊಡಗಿವೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಜನರ ಕೈಗೆ ಬಂದಮೇಲೆ, ದೊಡ್ಡ ಸಂಬಳದ ಸಲಹೆಗಾರರನ್ನು ಕರೆಸಲಾರದ ಪುಟ್ಟ ಸಂಸ್ಥೆಗೂ ಒಬ್ಬ ಪರೀಕ್ಷಕ ದೊರೆತಂತಾಯಿತು.

ಫಲಿತಾಂಶದ ಚೌಕಟ್ಟು ಎಂದರೇನು? ಹೆಸರು ಗಡುಸಾದರೂ ವಿಷಯ ಸರಳವೇ. ಹಾಕಿದ ಹಣ ಮತ್ತು ಶ್ರಮ, ಅದರಿಂದ ನಡೆಸಿದ ಕೆಲಸ, ಕೆಲಸದಿಂದ ಕೈಗೆ ಬಂದ ವಸ್ತು, ಆ ವಸ್ತುವಿನಿಂದ ಜನರ ಬಾಳಿನಲ್ಲಾದ ಬದಲಾವಣೆ, ಕೊನೆಗೆ ಊರಿಗೆ ಒದಗಿದ ಸ್ಥಿರವಾದ ಹಿತ—ಹೀಗೆ ಐದು ಮೆಟ್ಟಿಲುಗಳ ಒಂದು ಏಣಿ. ಪ್ರತಿಯೊಂದು ಮೆಟ್ಟಿಲನ್ನೂ ಯಾವ ಅಳತೆಯಿಂದ ತಿಳಿಯಬೇಕು, ಆ ಅಳತೆ ಎಲ್ಲಿ ಸಿಗುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ಇದರ ಮೂಲರೂಪವಾದ ‘ತಾರ್ಕಿಕ ಚೌಕಟ್ಟ’ನ್ನು 1969ರಲ್ಲಿ ಅಮೆರಿಕ ಸರ್ಕಾರದ ವಿದೇಶೀ ನೆರವಿನ ಸಂಸ್ಥೆಗಾಗಿ ಲಿಯಾನ್ ರೋಸೆನ್‌ಬರ್ಗ್ ಎಂಬಾತ ಸಿದ್ಧಪಡಿಸಿದನು. ಇಂದು ನೆರವು ಬೇಡುವ ಯಾವ ಸಂಸ್ಥೆಗೂ ಅದು ತಪ್ಪಿದ್ದಲ್ಲ.

‘ಇದರಿಂದ ನಮಗೇನು?’ ಎಂದು ಗೃಹಸ್ಥರು ಕೇಳಬಹುದು. ನಮಗೂ ಸಂಬಂಧವುಂಟು. 2013ರ ಕಂಪನಿ ಕಾಯಿದೆಯ ಪ್ರಕಾರ, ಗಾತ್ರದಲ್ಲಿ ನಿಗದಿತ ಮಟ್ಟವನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. 2021ರ ತಿದ್ದುಪಡಿಯಂತೆ, ಇಂಥ ಹೊಣೆಯು ಸರಾಸರಿ 10 ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ಕಂಪನಿಗಳು, 1 ಕೋಟಿ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಹೊರಗಿನ ಸ್ವತಂತ್ರ ಸಂಸ್ಥೆಯಿಂದ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ಕಚೇರಿಗಳಲ್ಲಿ ಈ ವರದಿಗಳನ್ನು ಬರೆಯುವವರೂ ಓದುವವರೂ ನಮ್ಮ ಮನೆಯ ಮಕ್ಕಳೇ. ಅವರು ಕಾಗದದ ಮೇಲೆ ಯಾವುದನ್ನು ಎಣಿಸುತ್ತಾರೋ ಹಳ್ಳಿಯಲ್ಲಿ ಅದೇ ಕೆಲಸವು ನಡೆಯುತ್ತದೆ.

ಅರಸೀಕೆರೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹೆಸರಿನಲ್ಲಿಯೇ ಕೆರೆಯುಳ್ಳ ಊರು. ಹೊಯ್ಸಳರ ರಾಣಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಆ ಹೆಸರು ಬಂದಿತೆಂದು ಪ್ರತೀತಿ. ಆದರೂ ಅದು ರಾಗಿ ತೆಂಗುಗಳ ಬಯಲುಸೀಮೆ, ಮಳೆಗಾಗಿ ಮುಗಿಲನ್ನು ನೋಡುವ ಸೀಮೆ. ಮಣಿಭಾಯಿ ದೇಸಾಯಿಯವರು 1967ರಲ್ಲಿ ಪುಣೆಯ ಬಳಿ ಉರುಳಿ ಕಾಂಚನದಲ್ಲಿ ಸ್ಥಾಪಿಸಿದ ಬೈಫ್ ಸಂಸ್ಥೆಯ ಕರ್ನಾಟಕ ಶಾಖೆಯು ಈ ಸೀಮೆಯ ಆದಿಹಳ್ಳಿ–ಮೈಲನಹಳ್ಳಿಗಳ ಸುತ್ತ ರೈತರ ಹೊಲಗಳಲ್ಲಿ ಕೃಷಿಹೊಂಡಗಳ ಸಾಲನ್ನು ತೋಡಿಸಿ, ಒಂದರಿಂದ ಉಕ್ಕಿದ ನೀರು ಕೆಳಗಿನದಕ್ಕೆ ಸೇರುವಂತೆ ಮಾಡಿತು. ಮುಂದೆ 2014ರಲ್ಲಿ ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆಯು ಕೃಷಿಹೊಂಡವನ್ನು ಮನೆಮಾತಾಗಿಸಿತು.

ಈಗ ಒಂದು ಪುಟ್ಟ ಸಂಸ್ಥೆಯನ್ನು ಕಲ್ಪಿಸಿಕೊಳ್ಳಿ. ಅರಸೀಕೆರೆ, ಬೇಲೂರು, ಹಳೇಬೀಡು—ಮೂರೂ ಕಡೆ ಮೂರು ವರ್ಷಗಳಲ್ಲಿ 300 ಹೊಂಡಗಳನ್ನು ತೋಡಿಸುವುದು ಅದರ ಸಂಕಲ್ಪ. ಚೌಕಟ್ಟಿನಲ್ಲಿ ಹೀಗೆ ಬರೆದಿದೆ: ‘ಫಲಿತಾಂಶ—300 ಹೊಂಡಗಳು, ರೈತರ ಜೀವನಮಟ್ಟ ಸುಧಾರಣೆ.’ ಯಂತ್ರಕ್ಕೆ ಇದನ್ನು ಒಪ್ಪಿಸಿದರೆ ನಿಮಿಷ ಕಳೆಯುವುದರೊಳಗೆ ಅದು ಬೆರಳಿಟ್ಟು ತೋರಿಸುವ ಸಂಗತಿಗಳು ಇವು. ಹೊಂಡವು ಕೈಗೆ ಬಂದ ವಸ್ತುವೇ ಹೊರತು ಬಾಳಿನ ಬದಲಾವಣೆಯಲ್ಲ. ‘ಜೀವನಮಟ್ಟ’ಕ್ಕೆ ಅಳತೆಯನ್ನು ಹೇಳಿಲ್ಲ. ಕೆಲಸಕ್ಕೆ ಮೊದಲು ಸ್ಥಿತಿ ಹೇಗಿತ್ತೆಂಬ ಲೆಕ್ಕವಿಲ್ಲ. ಆದ್ದರಿಂದ ಸುಧಾರಿಸಿತೆಂದು ಸಾಧಿಸುವಂತಿಲ್ಲ. ಮಳೆಯೇ ಬಾರದಿದ್ದರೆ ಏನೆಂಬ ಷರತ್ತನ್ನು ಬರೆದಿಲ್ಲ. ಹೆಂಗಸರ ಪಾಲೇನು, ಹೊಂಡಕ್ಕೆ ಜಾಗ ಬಿಡಲಾರದ ತುಂಡುಹೊಲದವನ ಪಾಲೇನು ಎಂಬುದು ಎಲ್ಲಿಯೂ ಇಲ್ಲ.

ಇವು ಸಣ್ಣ ಉಪಕಾರಗಳಲ್ಲ. ಅನುಭವಸ್ಥ ಪರೀಕ್ಷಕನೂ ಇವನ್ನೇ ಹೇಳಿಯಾನು. ಸ್ನೇಹದ ದಾಕ್ಷಿಣ್ಯವಿಲ್ಲದೆ, ದಣಿವಿಲ್ಲದೆ, ಹತ್ತು ಸಲ ಕೇಳಿದರೂ ಬೇಸರವಿಲ್ಲದೆ ಹೇಳುವುದು ಯಂತ್ರದ ಗುಣ. ಇಂಗ್ಲಿಷಿನ ಚೌಕಟ್ಟನ್ನು ಕನ್ನಡಕ್ಕೆ ತಿರುಗಿಸಿಕೊಡೆಂದರೆ ಅದನ್ನೂ ಮಾಡೀತು. ಭಾಷೆಯನ್ನು ತಿದ್ದಿಕೊಂಡು ಊರಿನ ಸಂಘದವರ ಮುಂದೆ ಓದಬಹುದು. ತಮ್ಮ ಹೆಸರಿನಲ್ಲಿ ಏನನ್ನು ಬರೆಯಲಾಗಿದೆಯೆಂದು ಅವರಿಗೂ ತಿಳಿಯುತ್ತದೆ.

ಆದರೆ ಗಂಧವು ಗಂಧವೇ, ಅದು ಉಳಿಯಲ್ಲ. ಈ ಯಂತ್ರವು ಅಪಾರವಾದ ಬರಹವನ್ನು ಓದಿ ಕಲಿತದ್ದು. ಒಳ್ಳೆಯ ಚೌಕಟ್ಟು ನೋಡಲು ಹೇಗಿರುತ್ತದೆಂಬುದನ್ನು ಅದು ಬಲ್ಲುದು. ಹೊಲ ಹೇಗಿದೆಯೆಂಬುದನ್ನು ಅರಿಯದು. ಬೇಲೂರಿಗೂ ಹಳೇಬೀಡಿಗೂ ನಡುವೆ ಇರುವುದು ಸುಮಾರು 16 ಕಿಲೋಮೀಟರು. ಒಂದೇ ತಾಲ್ಲೂಕು. ಆದರೂ ಬೇಲೂರು ಮಲೆನಾಡಿನ ಅಂಚು. ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತದೆ. ಅರಸೀಕೆರೆಗೆ ಬಂದರೆ ಲೋಕವೇ ಬೇರೆ. ಮೂರೂ ಕಡೆಗೆ ಒಂದೇ ಗುರಿಯನ್ನಿಟ್ಟ ಚೌಕಟ್ಟನ್ನು ಯಂತ್ರವು ‘ಅಚ್ಚುಕಟ್ಟಾಗಿದೆ’ ಎಂದು ಮೆಚ್ಚಿಕೊಂಡರೂ ಮೆಚ್ಚಿಕೊಂಡೀತು. ಅಷ್ಟೇ ಅಲ್ಲ, ಮೊದಲಿನ ಸ್ಥಿತಿಯ ಲೆಕ್ಕವಿಲ್ಲವೆಂದಮೇಲೆ ‘ನೀನೇ ಒಂದು ಅಂಕಿಯನ್ನು ಕೊಡು’ ಎಂದು ಕೇಳಿ ನೋಡಿ. ಎಲ್ಲಿಯೂ ಇಲ್ಲದ ಅಂಕಿಯನ್ನು ಗಂಭೀರವಾಗಿ ಬರೆದುಕೊಡುವುದೂ ಉಂಟು. ಆ ಅಂಕಿ ವರದಿಗೆ ಸೇರಿತೆಂದರೆ, ದೋಷವನ್ನು ಹುಡುಕಲು ಕರೆಸಿದವನೇ ಕಲ್ಲಿನೊಳಗೆ ಕಪ್ಪೆಯನ್ನಿಟ್ಟಂತೆ!

ಯಂತ್ರವನ್ನು ಪರೀಕ್ಷೆಗೆ ಹಚ್ಚುವುದು ಕರ್ನಾಟಕಕ್ಕೆ ಹೊಸತೇನಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯಲ್ಲಿ ಉಪಗ್ರಹದ ಚಿತ್ರಗಳನ್ನು ಹೋಲಿಸಿ ನೆಲದ ಹಸಿರನ್ನು ಅಳೆದರು. ಆಕಾಶದಿಂದ ಹಸಿರು ಕಾಣುತ್ತದೆ. ಆ ಹಸಿರು ಯಾರದೆಂಬುದು ಕಾಣುವುದಿಲ್ಲ. ಅದಕ್ಕಾಗಿ ಊರೊಳಗೆ ನಡೆದೇ ಹೋಗಬೇಕು. ಉಪಗ್ರಹವಾದರೋ ನೆಲವನ್ನಾದರೂ ನೋಡಿತ್ತು. ಮಾತಿನ ಯಂತ್ರವು ನೋಡುವುದು ನಾವು ಬರೆದ ಕಾಗದವನ್ನು ಮಾತ್ರ.

ಇನ್ನೊಂದು ಎಚ್ಚರಿಕೆ. ಚೌಕಟ್ಟನ್ನು ಯಂತ್ರಕ್ಕೆ ಕೊಡಬಹುದು. ಫಲಾನುಭವಿಗಳ ಹೆಸರು, ಸಾಲ, ಕಾಯಿಲೆಗಳ ಪಟ್ಟಿಯನ್ನು ಕೊಡಲಾಗದು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು ಕಾಯಿದೆಯನ್ನೇ ಮಾಡಿದೆ. ಕಾಯಿದೆಯಿರಲಿ, ಬಿಡಲಿ, ನೆರವು ಪಡೆದವನ ಮಾನ ಕಾಯುವುದು ನೆರವಿನ ಮೊದಲ ನಿಯಮ.

ಹಾಗಾದರೆ ಕ್ರಮ ಯಾವುದು? ಮೊದಲು ಊರಿನವರನ್ನು ಕೇಳಬೇಕು: ‘ಈ ಕೆಲಸ ಚೆನ್ನಾಗಿ ಆಯಿತೆಂದು ನೀವು ಯಾವುದರಿಂದ ತಿಳಿಯುತ್ತೀರಿ?’ ಒಬ್ಬಳು ‘ಬೇಸಗೆಯಲ್ಲಿ ದನ ಮಾರದೆ ಉಳಿದರೆ’ ಎಂದಾಳು. ಇನ್ನೊಬ್ಬ ‘ಮಗ ಕೂಲಿಗೆ ಬೆಂಗಳೂರಿಗೆ ಹೋಗದಿದ್ದರೆ’ ಎಂದಾನು. ಆ ಮಾತುಗಳೇ ಅಳತೆಗಳು. ಅವನ್ನು ಚೌಕಟ್ಟಿಗಿಳಿಸಿದ ಮೇಲೆ ಯಂತ್ರವು ಗಂಧವನ್ನು ಬಳಿಯಲಿ. ಹಸಿಯಾಗಿ ಉಳಿದ ಜಾಗಗಳನ್ನು ತೋರಿಸಲಿ. ಅನಂತರ ಮತ್ತೆ ಊರಿಗೇ ಹೋಗಿ ಅಲ್ಲಿ ತಟ್ಟಿ ನೋಡಬೇಕು. ಎಲ್ಲ ಹಸಿಯ ಕೆಳಗೂ ಕಪ್ಪೆಯಿರುವುದಿಲ್ಲ. ಎಲ್ಲ ಕಪ್ಪೆಯೂ ಗಂಧಕ್ಕೆ ಸಿಕ್ಕುವುದಿಲ್ಲ. ಕೊನೆಯದನ್ನು ಬಿಟ್ಟು ನಡುವಿನದರಲ್ಲೇ ಮುಗಿಸುವ ಆಸೆ ಬಲವಾದುದು, ಏಕೆಂದರೆ ಅದು ಅಗ್ಗ, ಕುರ್ಚಿಯಿಂದ ಏಳಬೇಕಾಗಿಲ್ಲ. ಮೊದಲಿನದನ್ನೂ ಬಿಟ್ಟವರ ಕೈಯಲ್ಲಿ ಉಳಿಯುವುದು ಸುಂದರವಾದ ಕಾಗದ, ಹೂಳು ತುಂಬಿದ ಹೊಂಡ.

ಯಾವುದಾದರೂ ಸಂಸ್ಥೆಗೆ ನಿಮ್ಮ ಮನೆಯಿಂದ ಹಣ ಹೋಗುತ್ತಿದ್ದರೆ, ಅಥವಾ ನಿಮ್ಮ ಮಗಳೋ ಅಳಿಯನೋ ಇಂಥ ವರದಿಗೆ ರುಜು ಹಾಕುವ ಹುದ್ದೆಯಲ್ಲಿದ್ದರೆ, ಎಷ್ಟು ಹೊಂಡ ತೋಡಿದಿರೆಂದು ಕೇಳಬೇಡಿ. ಮಳೆ ಕೈಕೊಟ್ಟ ವಾರದಲ್ಲಿ ಆ ನೀರು ಯಾರ ರಾಗಿಗೆ ಹೋಯಿತೆಂದು ಕೇಳಿ.